ಕೀಲುನೋವಿನ ಹಿರಿಯರಿಗೆ ಮನೆಯಲ್ಲಿ ನೆರವಾಗುವ ಸಲಕರಣೆಗಳು

ಕಾಫಿ ಮತ್ತು ಅಡಿಕೆ ಬೆಳೆಗಾರರ ಮನೆಗಳಲ್ಲಿ ಅರವತ್ತು ದಾಟಿದ ಹಿರಿಯರ ಯೋಗಕ್ಷೇಮ ವಿಚಾರಿಸಿದರೆ ಮೊದಲು ಬರುವ ಮಾತು ಮಂಡಿನೋವಿನದು, ಅದರ ಬೆನ್ನಿಗೆ ಬರುವುದು ಕೈಬೆರಳಿನ ನೋವು. ಬಹುಕಾಲ ಕುಕ್ಕರಗಾಲಿನಲ್ಲಿ ಕುಳಿತು ಮಾಡುವ ಕೆಲಸ, ಮಂಡಿಯೂರಿ ಮಾಡುವ ಕೆಲಸ ಹಾಗೂ ಭಾರ ಎತ್ತುವ ಕೆಲಸ ಮಂಡಿಯ ಕೀಲನ್ನು ಸವೆಸುತ್ತವೆ ಎಂಬುದು ವೈದ್ಯಶಾಸ್ತ್ರ ಒಪ್ಪಿದ ಸಂಗತಿ. ಮೆಟ್ಟುಗತ್ತಿಯ ಮುಂದೆ ಗಂಟೆಗಟ್ಟಲೆ ಕುಳಿತು ಅಡಿಕೆ ಸುಲಿದವರು, ಗುಡ್ಡದ ಇಳಿಜಾರಿನಲ್ಲಿ ಹಣ್ಣಿನ ಚೀಲ ಹೊತ್ತವರು, ಬಚ್ಚಲಿನ ಹಂಡೆಗೆ ನೀರು ತುಂಬಿದವರು ಇವೆಲ್ಲವನ್ನೂ ಒಂದು ಆಯುಷ್ಯದಷ್ಟು ಮಾಡಿದವರೇ ಆಗಿದ್ದಾರೆ.

ಇತ್ತೀಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಸೇರಿದೆ. ಮಲೆನಾಡಿನ ಎಷ್ಟೋ ಕುಟುಂಬಗಳ ಮಕ್ಕಳು ಬೆಂಗಳೂರಿನಲ್ಲಿ ನೆಲೆಸಿದ್ದಾರೆ. ತೋಟವನ್ನು ಗುತ್ತಿಗೆಗೋ ಸೋದರರಿಗೋ ವಹಿಸಿ ತಂದೆ ತಾಯಿಗಳು ಮಗನ ಮನೆಗೆ, ಮಗಳ ಮನೆಗೆ ಬರುತ್ತಾರೆ. ನಗರದ ಪಶ್ಚಿಮ ಭಾಗದ ಜ್ಞಾನಭಾರತಿಯ ಸುತ್ತಮುತ್ತ, ನಾಗರಭಾವಿ, ಕೆಂಗೇರಿಗಳ ಬಡಾವಣೆಗಳಲ್ಲಿಯೂ ಇಂತಹ ಹಿರಿಯರಿದ್ದಾರೆ. ಊರಿನ ಮನೆಯಲ್ಲಿ ಜಗಲಿ, ನಡುಮನೆ, ಅಡಿಗೆಮನೆ ಎಲ್ಲವೂ ಒಂದೇ ನೆಲದ ಮೇಲೆ ಇದ್ದವು. ಮೂವತ್ತು ನಲವತ್ತರ ನಿವೇಶನದಲ್ಲಿ ಕಟ್ಟಿದ ಮನೆ ಮೇಲಕ್ಕೆ ಬೆಳೆದಿರುತ್ತದೆ, ಬಚ್ಚಲಿಗೆ ನುಣುಪಾದ ಟೈಲ್ಸ್ ಹಾಕಿರುತ್ತದೆ. ನೋವು ಹಳೆಯದೇ, ಅಡಚಣೆ ಹೊಸದು.

ಈ ಲೇಖನದಲ್ಲಿ ಔಷಧಿಯ ವಿಚಾರ ಹೇಳಹೊರಟಿಲ್ಲ. ದಿನನಿತ್ಯದ ಕೆಲಸಗಳನ್ನು ಹಿರಿಯರು ತಮ್ಮ ಕೈಯಾರೆ ಮಾಡಿಕೊಳ್ಳಲು ಸಹಾಯವಾಗುವ ಸಲಕರಣೆಗಳು ಯಾವುವು, ಅವುಗಳ ಅಳತೆ ಎಷ್ಟು, ಯಾವುದನ್ನು ಮನೆಯಲ್ಲೇ ಮಾಡಿಕೊಳ್ಳಬಹುದು ಎಂಬುದನ್ನಷ್ಟೇ ಇಲ್ಲಿ ವಿವರಿಸಲಾಗಿದೆ.

ನೋವು ಯಾವ ಬಗೆಯದು?

ಸಲಕರಣೆ ಕೊಳ್ಳುವ ಮೊದಲು ನೋವಿನ ಬಗೆ ತಿಳಿಯಬೇಕು. ಸಾಮಾನ್ಯವಾಗಿ ಕಾಣುವುದು ಸವಕಳಿಯ ಸಂಧಿವಾತ. ವೈದ್ಯರು ಇದನ್ನು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ಎಲುಬಿನ ತುದಿಗಳ ಮೇಲಿರುವ ನುಣುಪಾದ ಮೆತ್ತೆ ಸವೆದು ಕೀಲು ಬಿಗಿಯುತ್ತದೆ. ಬೆಳಿಗ್ಗೆ ಎದ್ದಾಗಿನ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲವಾಗುತ್ತದೆ, ಕೆಲಸ ಹೆಚ್ಚಾದಷ್ಟೂ ನೋವು ಏರುತ್ತದೆ. ಇನ್ನೊಂದು ರುಮಟಾಯ್ಡ್ ಸಂಧಿವಾತ. ಇದರಲ್ಲಿ ದೇಹದ ರಕ್ಷಣಾಶಕ್ತಿಯೇ ಕೀಲುಗಳ ಮೇಲೆ ತಿರುಗಿಬೀಳುತ್ತದೆ. ಎರಡೂ ಕೈಗಳ ಸಣ್ಣ ಕೀಲುಗಳು ಒಟ್ಟಿಗೆ ಊದಿಕೊಳ್ಳುತ್ತವೆ, ಬೆಳಗಿನ ಬಿಗಿತ ಗಂಟೆಗಿಂತಲೂ ಹೆಚ್ಚು ಹೊತ್ತು ಇರುತ್ತದೆ. ಇದಕ್ಕೆ ಬೇಗ ಚಿಕಿತ್ಸೆ ಆರಂಭಿಸಿದಷ್ಟೂ ಕೀಲುಗಳು ಉಳಿಯುತ್ತವೆಯಾದ್ದರಿಂದ ವಯಸ್ಸಾಯಿತೆಂದು ಸುಮ್ಮನೆ ಕೂರತಕ್ಕದ್ದಲ್ಲ.

ಮಲೆನಾಡಿನವರಿಗೆ ಹಂದಿಗೋಡು ಕಾಯಿಲೆಯ ಹೆಸರು ಗೊತ್ತಿದೆ. ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಗಮನಕ್ಕೆ ಬಂದ ಈ ಕಾಯಿಲೆ ವಂಶಪಾರಂಪರ್ಯವಾಗಿ ಬರುವಂಥದು. ಸೊಂಟದ ಹಾಗೂ ಮಂಡಿಯ ಕೀಲುಗಳನ್ನು ಚಿಕ್ಕ ವಯಸ್ಸಿನಲ್ಲೇ ಕೆಡಿಸುತ್ತದೆ. ಮುಪ್ಪಿನ ಮಂಡಿನೋವು ಬೇರೆ, ಅದು ಬೇರೆ. ಆದರೆ ಕುಳಿತು ಏಳಲು, ನಡೆಯಲು ಬೇಕಾದ ಸಲಕರಣೆಗಳು ಇಬ್ಬರಿಗೂ ಹೆಚ್ಚುಕಡಿಮೆ ಅವೇ.

ಒಂದು ಕೀಲು ಇದ್ದಕ್ಕಿದ್ದಂತೆ ಕೆಂಪಾಗಿ, ಬಿಸಿಯಾಗಿ ಊದಿ ಜೊತೆಗೆ ಜ್ವರವೂ ಬಂದರೆ ಸಲಕರಣೆಯ ಯೋಚನೆ ಬಿಟ್ಟು ಅಂದೇ ವೈದ್ಯರಿಗೆ ತೋರಿಸಬೇಕು.

ಮೂರು ಸೂತ್ರಗಳು

ಎಲ್ಲ ಸಲಕರಣೆಗಳ ಹಿಂದೆಯೂ ಮೂರೇ ಸೂತ್ರಗಳಿವೆ. ಇವು ಮನಸ್ಸಿನಲ್ಲಿದ್ದರೆ ಅಂಗಡಿಯಲ್ಲಿ ಯಾವುದು ಉಪಯುಕ್ತ, ಯಾವುದು ದಂಡ ಎಂದು ತಾವೇ ತೀರ್ಮಾನಿಸಬಹುದು.

ಮೊದಲನೆಯದು, ಸಣ್ಣ ಕೀಲಿನ ಕೆಲಸವನ್ನು ದೊಡ್ಡ ಕೀಲಿಗೆ ಒಪ್ಪಿಸುವುದು. ಬೆರಳಿಗೆ ಚೀಲ ನೇತುಹಾಕಿಕೊಳ್ಳುವ ಬದಲು ಹೆಗಲಿಗೆ ಹಾಕಿಕೊಳ್ಳುವುದು, ಕೈತುದಿಯಿಂದ ಬಾಗಿಲು ನೂಕುವ ಬದಲು ಭುಜದಿಂದ ನೂಕುವುದು ಇದಕ್ಕೆ ಉದಾಹರಣೆ. ಎರಡನೆಯದು, ಹಿಡಿಯನ್ನು ದಪ್ಪ ಮಾಡುವುದು. ಹೆಬ್ಬೆರಳು ತೋರುಬೆರಳುಗಳ ತುದಿಯಲ್ಲಿ ಒಂದು ವಸ್ತುವನ್ನು ಚಿವುಟಿ ಹಿಡಿದಾಗ ಹೆಬ್ಬೆರಳ ಬುಡದ ಕೀಲಿನ ಮೇಲೆ ಬೀಳುವ ಒತ್ತಡ ಆ ಚಿವುಟಿನ ಬಲದ ಹತ್ತು ಪಟ್ಟಿಗೂ ಹೆಚ್ಚು. ಹಿಡಿ ದಪ್ಪವಾದಷ್ಟೂ ಚಿವುಟಬೇಕಾಗುವುದಿಲ್ಲ, ಅಂಗೈಯಿಂದ ಸಡಿಲವಾಗಿ ಹಿಡಿದರೆ ಸಾಕು. ಮೂರನೆಯದು, ಎತ್ತರವನ್ನು ಸರಿಪಡಿಸುವುದು. ಆಸನ ತಗ್ಗಿದ್ದಷ್ಟೂ ಏಳುವಾಗ ಮಂಡಿಗೆ ಬೀಳುವ ಭಾರ ಹೆಚ್ಚು. ಕುಳಿತುಕೊಳ್ಳುವ ಜಾಗವನ್ನು ನಾಲ್ಕು ಅಂಗುಲ ಏರಿಸಿದರೆ ಅದೇ ಮಂಡಿಯಿಂದ ಎದ್ದು ನಿಲ್ಲುವುದು ಸಾಧ್ಯವಾಗುತ್ತದೆ.

ಅಡಿಗೆಮನೆ

ಈಳಿಗೆಮಣೆ, ತುರಿಯುವ ಮಣೆ, ಒರಳುಗಲ್ಲುಗಳು ಮೂರೂ ನೆಲದ ಮೇಲೆ ಕುಳಿತು ಮಾಡುವ ಕೆಲಸಗಳು. ಮಂಡಿ ಬಗ್ಗದವರು ಇವನ್ನು ಕಟ್ಟೆಯ ಎತ್ತರಕ್ಕೆ ತಂದುಕೊಳ್ಳಬೇಕು. ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯುವ, ಹಿಡಿ ತಿರುಗಿಸಿದರೆ ಕಾಯಿ ತುರಿಯುವ ಸಾಧನ ಪಾತ್ರೆ ಅಂಗಡಿಗಳಲ್ಲಿ ದೊರೆಯುತ್ತದೆ. ಅದರ ಹಿಡಿ ತೆಳುವಾಗಿದ್ದರೆ ದಪ್ಪ ಮಾಡಿಕೊಳ್ಳಬೇಕು. ರುಬ್ಬುವುದಕ್ಕೆ ಪಾತ್ರೆಯನ್ನು ಎತ್ತದೆ ಬಗ್ಗಿಸಿ ಹಿಟ್ಟು ಸುರಿದುಕೊಳ್ಳುವ ಗ್ರೈಂಡರ್ ಅನುಕೂಲ. ತರಕಾರಿ ಹೆಚ್ಚಲು ಅಲುಗಾಡದ ಹಲಗೆಯೂ ಹರಿತವಾದ ಚಾಕುವೂ ಬೇಕು. ಮೊಂಡು ಚಾಕುವಿಗೆ ಬಲ ಹೆಚ್ಚು ಬೇಕಾಗುವುದರಿಂದ ಬೆರಳು ನೋಯುವುದೂ ಹೆಚ್ಚು, ಜಾರುವುದೂ ಹೆಚ್ಚು. ಹಲಗೆಯ ಅಡಿಗೆ ಒದ್ದೆ ಬಟ್ಟೆ ಹಾಸಿದರೆ ಅದು ಸರಿಯುವುದಿಲ್ಲ.

ಹಿಡಿ ದಪ್ಪ ಮಾಡುವ ವಿಧಾನ ಬಹಳ ಸುಲಭ. ಚಮಚ, ಸೌಟು, ಚಾಕು, ಹಲ್ಲುಜ್ಜುವ ಬ್ರಷ್, ಪೆನ್ನು ಇವುಗಳ ಹಿಡಿಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಕಟ್ಟಬಹುದು. ಸೈಕಲ್ ಹ್ಯಾಂಡಲಿನ ರಬ್ಬರ್ ಹಿಡಿಯನ್ನೇ ತೊಡಿಸಬಹುದು. ಹವಾನಿಯಂತ್ರಕದ ತಾಮ್ರದ ಕೊಳವೆಗೆ ಹಾಕುವ ಕಪ್ಪು ಸ್ಪಂಜಿನ ಕೊಳವೆ ಆ ಸಾಮಾನಿನ ಅಂಗಡಿಗಳಲ್ಲಿ ದೊರೆಯುತ್ತದೆ, ಬೇಕಾದಷ್ಟು ಉದ್ದಕ್ಕೆ ಕತ್ತರಿಸಿ ತೂರಿಸಿದರಾಯಿತು. ಆದರೆ ಸ್ಪಂಜನ್ನೂ ಟ್ಯೂಬನ್ನೂ ಒಲೆಯ ಉರಿಯ ಬಳಿ ಬಳಸಬಾರದು. ಒಟ್ಟು ದಪ್ಪ ಒಂದೂಕಾಲರಿಂದ ಒಂದೂವರೆ ಅಂಗುಲ ಇದ್ದರೆ ಹೆಚ್ಚಿನವರ ಕೈಗೆ ಒಗ್ಗುತ್ತದೆ.

ಈ ಸಣ್ಣ ವಿಚಾರ ಒಂದು ದೊಡ್ಡ ಉದ್ಯಮಕ್ಕೂ ಕಾರಣವಾಯಿತು. ಅಮೆರಿಕದ ಸ್ಯಾಮ್ ಫಾರ್ಬರ್ ಎಂಬ ಪಾತ್ರೆ ಉದ್ಯಮಿ, ಸಂಧಿವಾತವಿದ್ದ ತಮ್ಮ ಪತ್ನಿ ತೆಳು ಹಿಡಿಯ ಸಿಪ್ಪೆ ಹೆರೆಯುವ ಸಾಧನದೊಡನೆ ಪಡುತ್ತಿದ್ದ ಕಷ್ಟವನ್ನು ನೋಡಿ, 1990ರಲ್ಲಿ ದಪ್ಪ ರಬ್ಬರ್ ಹಿಡಿಯ ಅಡಿಗೆ ಸಾಧನಗಳನ್ನು ಮಾರುಕಟ್ಟೆಗೆ ತಂದರು. ನೋವಿಲ್ಲದವರೂ ಅವನ್ನೇ ಮೆಚ್ಚಿ ಕೊಂಡರು. ನೋವಿನವರಿಗೆ ಸುಲಭವಾದದ್ದು ಎಲ್ಲರಿಗೂ ಸುಲಭವೇ ಎಂಬುದಕ್ಕೆ ಇದು ನಿದರ್ಶನ.

ಮುಚ್ಚಳ ತೆರೆಯುವುದು ಬೆರಳು ನೋವಿನವರಿಗೆ ದೊಡ್ಡ ಸಮಸ್ಯೆ. ಸೀಸೆಯನ್ನು ಒದ್ದೆ ಬಟ್ಟೆಯ ಮೇಲಿಟ್ಟು, ಮುಚ್ಚಳದ ಮೇಲೆ ರಬ್ಬರ್ ಹಾಳೆಯ ತುಂಡನ್ನು ಹಾಕಿ, ಅಂಗೈಯಿಂದ ಒತ್ತಿ ಹಿಡಿದು ಬೆರಳಿನ ಬದಲು ಇಡೀ ತೋಳನ್ನು ತಿರುಗಿಸಿದರೆ ಸುಲಭವಾಗುತ್ತದೆ. ಲೋಹದ ಮುಚ್ಚಳವಾದರೆ ಅದನ್ನು ಮಾತ್ರ ಒಂದು ನಿಮಿಷ ಬಿಸಿನೀರಿಗೆ ತಾಗಿಸಿದರೆ ಸಡಿಲವಾಗುತ್ತದೆ. ದಿನಬಳಕೆಯ ಸಾಮಾನುಗಳನ್ನು ತಿರುಪಿನ ಡಬ್ಬಿಗಳಲ್ಲಿ ಇಡದೆ, ಎತ್ತಿದರೆ ಬರುವ ಮುಚ್ಚಳದ ಡಬ್ಬಿಗಳಲ್ಲಿ, ಸೊಂಟದಿಂದ ಭುಜದವರೆಗಿನ ಎತ್ತರದಲ್ಲಿ ಇಡಬೇಕು.

ಇಕ್ಕಳದಿಂದ ತುಂಬಿದ ಪಾತ್ರೆಯನ್ನು ಒಂದು ಕೈಯಲ್ಲಿ ಎತ್ತುವುದು ಬೆರಳಿಗೂ ಅಪಾಯ, ಮೈಗೂ ಅಪಾಯ. ಎರಡು ಕಿವಿಗಳ ಪಾತ್ರೆಯನ್ನು ದಪ್ಪ ಬಟ್ಟೆಯ ಕೈಚೀಲ ತೊಟ್ಟು ಎರಡೂ ಕೈಯಲ್ಲಿ ಹಿಡಿಯಬೇಕು. ಆದಷ್ಟೂ ಎತ್ತದೆ ಕಟ್ಟೆಯ ಮೇಲೆ ಜಾರಿಸಬೇಕು. ಅನ್ನದ ಗಂಜಿ ಬಸಿಯಲು ಪಾತ್ರೆ ಬಗ್ಗಿಸುವ ಬದಲು ಜಾಲರಿ ಸೌಟಿನಿಂದ ಅನ್ನವನ್ನೇ ತೆಗೆದುಕೊಳ್ಳುವುದು ಕ್ಷೇಮ.

ನಾವು ಕಾಫಿ ಬೆಳೆಗಾರರಾದ್ದರಿಂದ ಕಾಫಿಯ ವಿಚಾರ ಬಿಡುವಂತಿಲ್ಲ. ಹಿತ್ತಾಳೆಯ ಅಥವಾ ಸ್ಟೀಲಿನ ಫಿಲ್ಟರಿನ ಮೇಲಿನ ಪಾತ್ರೆ ಕೆಳಗಿನದಕ್ಕೆ ಕಚ್ಚಿಕೊಂಡರೆ ನೋವಿನ ಬೆರಳಿಗೆ ಬಿಡಿಸಲಾಗದು. ಅದನ್ನು ಒತ್ತಿ ಕೂರಿಸದೆ ಹಗುರವಾಗಿ ಇಡಬೇಕು, ಬಿಡಿಸುವಾಗ ರಬ್ಬರ್ ತುಂಡು ಬಳಸಬೇಕು. ಇಲ್ಲವೇ ಬಟ್ಟೆಯ ಸೋಸುಕದಲ್ಲಿ ಡಿಕಾಕ್ಷನ್ ಇಳಿಸಿಕೊಳ್ಳಬಹುದು. ಬಿಸಿ ಲೋಟದ ಅಂಚನ್ನು ಎರಡು ಬೆರಳಲ್ಲಿ ಹಿಡಿಯುವ ನಮ್ಮ ಪದ್ಧತಿ ಹೆಬ್ಬೆರಳಿನ ಕೀಲಿಗೆ ಬಹಳ ಶ್ರಮ. ಅದರ ಬದಲು ನಾಲ್ಕು ಬೆರಳೂ ತೂರುವಷ್ಟು ದೊಡ್ಡ ಕಿವಿಯ ಮಗ್ಗಿನಲ್ಲಿ ಅರ್ಧಕ್ಕಷ್ಟೇ ಕಾಫಿ ಹಾಕಿ, ಇನ್ನೊಂದು ಕೈಯ ಆಸರೆ ಕೊಟ್ಟು ಕುಡಿಯಬಹುದು. ತಾಂಬೂಲದ ಅಭ್ಯಾಸವಿರುವ ಹಿರಿಯರು ಅಡಕತ್ತರಿ ಒತ್ತಿ ಹೆಬ್ಬೆರಳು ನೋಯಿಸಿಕೊಳ್ಳುವುದುಂಟು. ಅಡಿಕೆ ಬೆಳೆಯುವ ನಮಗೆ ಹೇಳಲು ಹಿತವಲ್ಲದಿದ್ದರೂ ಹೇಳಲೇಬೇಕು, ಅಡಿಕೆ ಜಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ವರ್ಗೀಕರಿಸಿದೆ. ಕತ್ತರಿಗೆ ಬಿಡುವು ಕೊಡಲು ಬೆರಳುನೋವು ಒಳ್ಳೆಯ ನೆಪ.

ಬಚ್ಚಲು ಮತ್ತು ಶೌಚಾಲಯ

ಮನೆಯಲ್ಲಿ ಹಣ ಖರ್ಚು ಮಾಡಬೇಕಾದ ಮೊದಲ ಜಾಗ ಇದು. ಕೀಲುನೋವಿನವರು ಇಲ್ಲಿ ಬಿದ್ದರೆ ಸೊಂಟದ ಮೂಳೆ ಮುರಿಯುವ ಭಯವಿದೆ. ಹಾಗಾದ ಮೇಲೆ ಎಷ್ಟೋ ಹಿರಿಯರು ಮೊದಲಿನಂತೆ ನಡೆಯುವುದೇ ಇಲ್ಲ.

ಕುಕ್ಕರಗಾಲಿನ ಶೌಚಾಲಯವಿದ್ದಲ್ಲಿ ಕಮೋಡ್ ಹಾಕಿಸುವುದು ಉತ್ತಮ. ಕೂಡಲೇ ಸಾಧ್ಯವಿಲ್ಲದಿದ್ದರೆ ನಡುವೆ ತೂತಿರುವ, ನಾಲ್ಕು ಕಾಲಿನ ಕಮೋಡ್ ಕುರ್ಚಿಯನ್ನು ಹಳೆಯ ಪೀಠದ ಮೇಲೆಯೇ ಇಡಬಹುದು. ಅದರ ಕಾಲಿಗೆ ರಬ್ಬರ್ ಬುಡ ಇರಬೇಕು, ಗಾಲಿ ಇರಕೂಡದು. ಸಾಮಾನ್ಯ ಕಮೋಡಿನ ಎತ್ತರ ಹದಿನೈದು ಹದಿನಾರು ಅಂಗುಲ. ಮಂಡಿನೋವಿನವರಿಗೆ ಹದಿನೆಂಟು ಹತ್ತೊಂಬತ್ತು ಅಂಗುಲ ಬೇಕಾಗುತ್ತದೆ. ಇದಕ್ಕಾಗಿ ಮೇಲೆ ಕೂರಿಸುವ ಎತ್ತರಿಸಿದ ಪೀಠಗಳು ದೊರೆಯುತ್ತವೆ. ಅವು ಅಲುಗಾಡದಂತೆ ಬಿಗಿಯುವ ಬಗೆಯವಾಗಿರಬೇಕು.

ಗೋಡೆಯ ಹಿಡಿಸರಳು ಅತ್ಯವಶ್ಯ. ಒಂದೂಕಾಲರಿಂದ ಒಂದೂವರೆ ಅಂಗುಲ ದಪ್ಪದ ಸ್ಟೀಲ್ ಸರಳನ್ನು, ಗೋಡೆಯಿಂದ ಒಂದೂವರೆ ಅಂಗುಲ ಅಂತರವಿಟ್ಟು, ನೆಲದಿಂದ ಸುಮಾರು ಮೂವತ್ಮೂರರಿಂದ ಮೂವತ್ತಾರು ಅಂಗುಲ ಎತ್ತರದಲ್ಲಿ ಬೋಲ್ಟು ಹಾಕಿ ಇಟ್ಟಿಗೆಯ ಗೋಡೆಗೇ ಬಿಗಿಯಬೇಕು. ಹಿರಿಯರನ್ನು ಅಲ್ಲಿ ಕೂರಿಸಿ, ಅವರ ಕೈ ತಾನಾಗಿ ಎಲ್ಲಿಗೆ ಚಾಚುತ್ತದೆಂದು ನೋಡಿ ಗುರುತು ಹಾಕಿಕೊಂಡರೆ ಇನ್ನೂ ಒಳ್ಳೆಯದು. ಟವೆಲ್ ಹಾಕುವ ಸರಳು ಮನುಷ್ಯನ ಭಾರ ತಡೆಯುವುದಿಲ್ಲ. ಹೀರಿಕೊಂಡು ಅಂಟುವ ರಬ್ಬರ್ ಬಟ್ಟಲಿನ ಹಿಡಿಗಳೂ ಕೈಕೊಡಬಹುದು, ಅವನ್ನು ನಂಬಬಾರದು.

ಸ್ನಾನಕ್ಕೆ ಹದಿನೇಳು ಹದಿನೆಂಟು ಅಂಗುಲದ ಗಟ್ಟಿ ಸ್ಟೂಲು ಬೇಕು, ಕಾಲುಗಳಿಗೆ ರಬ್ಬರ್ ಬುಡವಿರಲಿ. ಬಕೆಟ್ಟನ್ನೂ ಒಂದು ಪೀಠದ ಮೇಲೆ ಇಟ್ಟರೆ ಬಗ್ಗುವುದು ತಪ್ಪುತ್ತದೆ. ತುಂಬಿದ ಬಕೆಟ್ ಎತ್ತುವ ಬದಲು ಇಟ್ಟಲ್ಲಿಗೇ ನೀರು ಬರುವಂತೆ ನಲ್ಲಿಗೆ ಪೈಪು ಹಾಕಬೇಕು. ಚೊಂಬಿಗೆ ಹಿಡಿ ಇಲ್ಲದ ಕಾರಣ ಕಿವಿಯುಳ್ಳ ಸಣ್ಣ ಮಗ್ಗು ವಾಸಿ. ತಿರುಗಿಸುವ ನಲ್ಲಿಯ ಬದಲು ಮೊಣಕೈಯಿಂದಲೂ ತಳ್ಳಬಹುದಾದ ಉದ್ದ ಹಿಡಿಯ ನಲ್ಲಿ ಹಾಕಿಸಬೇಕು. ಸೋಪನ್ನು ಹಳೆಯ ಕಾಲುಚೀಲದೊಳಗೆ ಹಾಕಿದರೆ ಜಾರುವುದಿಲ್ಲ. ಬೆನ್ನಿಗೆ ಉದ್ದ ಹಿಡಿಯ ಬ್ರಷ್ ಸಾಕು. ಒದ್ದೆ ಬಟ್ಟೆಯನ್ನು ಕೈಯಿಂದ ಹಿಂಡದೆ ನಲ್ಲಿಗೆ ಸುತ್ತುಹಾಕಿ ಅಂಗೈಯಿಂದ ಹೊರಳಿಸಬಹುದು. ಎಣ್ಣೆಸ್ನಾನದ ದಿನ ನೆಲವನ್ನು ಸೀಗೆಯಿಂದಲೋ ಸೋಪಿನಿಂದಲೋ ತಿಕ್ಕಿ ತೊಳೆದ ಮೇಲಷ್ಟೇ ಅಲ್ಲಿ ನಡೆದಾಡಬೇಕು. ಊರಿನ ಬಚ್ಚಲಿನ ಪಾಚಿಯನ್ನು ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಉಜ್ಜಿ ತೆಗೆಯಬೇಕು.

ಕೂರುವುದು, ಮಲಗುವುದು, ಉಡುವುದು

ಹಿರಿಯರ ಕುರ್ಚಿಗೆ ಎರಡು ಕಡೆಯೂ ಕೈಗಳಿರಬೇಕು, ಆಸನ ಗಟ್ಟಿಯಾಗಿರಬೇಕು. ಹದಿನೆಂಟರಿಂದ ಇಪ್ಪತ್ತು ಅಂಗುಲ ಎತ್ತರವಿದ್ದು, ಕುಳಿತಾಗ ಪಾದ ಪೂರ್ತಿ ನೆಲಕ್ಕೆ ತಾಗಬೇಕು. ಮೆತ್ತನೆಯ ತಗ್ಗು ಸೋಫಾ ನೋಡಲು ಚೆನ್ನ, ಏಳಲು ಕಷ್ಟ. ಇರುವ ಕುರ್ಚಿ ಮಂಚಗಳನ್ನೇ ನಡುವೆ ಗುಳಿ ಕೊರೆದ ಮರದ ದಿಮ್ಮಿಗಳ ಮೇಲೆ ಕೂರಿಸಿ ಎತ್ತರಿಸಬಹುದು. ತೋಟದ ಮನೆಯ ಬಡಗಿ ಇದನ್ನು ಅರ್ಧ ದಿನದಲ್ಲಿ ಮಾಡಿಕೊಡುತ್ತಾನೆ. ಗುಳಿ ಇಲ್ಲದ ದಿಮ್ಮಿಯಿಂದ ಕಾಲು ಜಾರುವ ಅಪಾಯವಿದೆ. ಪೂಜೆಗೆ, ಊಟಕ್ಕೆ ನೆಲದ ಮೇಲೆಯೇ ಕೂರಬೇಕೆಂಬ ಸಂಕೋಚ ಬೇಡ. ದೇವರ ಪೀಠವನ್ನು ಮೇಜಿನೆತ್ತರಕ್ಕೆ ಏರಿಸಿದರೆ ಕುರ್ಚಿಯಲ್ಲಿ ಕುಳಿತೇ ಪೂಜೆ ಮಾಡಬಹುದು.

ನೆಲಕ್ಕೆ ಬಿದ್ದ ಕನ್ನಡಕದ ಪೆಟ್ಟಿಗೆ, ಮೇಲಿನ ಹಗ್ಗದ ಟವೆಲ್ಲು ಇವಕ್ಕೆ ನಮ್ಮ ದೋಟಿಯ ಉಪಾಯವೇ ಸರಿ. ಎರಡೂವರೆ ಅಡಿಯ ಹಗುರ ಕೋಲಿನ ತುದಿಗೆ ಮೊಂಡಾದ ಕೊಕ್ಕೆ ಹಾಕಿಸಿದರೆ ಮನೆಯೊಳಗಿನ ಪುಟ್ಟ ದೋಟಿಯಾಯಿತು. ಹಿಡಿ ಒತ್ತಿದರೆ ತುದಿ ಕಚ್ಚುವ ಸಾಧನವೂ ಅಂಗಡಿಯಲ್ಲಿದೆ, ಆದರೆ ಬೆರಳಿನ ಶಕ್ತಿ ತೀರ ಕಡಿಮೆಯಾದವರಿಗೆ ಅದು ಒಗ್ಗುವುದಿಲ್ಲ. ಅಂಗಿ ಕುಪ್ಪಸಗಳ ಗುಂಡಿಗೆ ಬದಲಾಗಿ ಒತ್ತಿದರೆ ಅಂಟುವ ವೆಲ್ಕ್ರೋ ಪಟ್ಟಿ ಹೊಲಿಸಬಹುದು. ಚಪ್ಪಲಿ ಹಿಮ್ಮಡಿಗೆ ಪಟ್ಟಿಯುಳ್ಳದ್ದಾಗಿರಲಿ. ಸವೆದ ಹವಾಯಿ ಚಪ್ಪಲಿ ಟೈಲ್ಸಿನ ಮೇಲೆ ಜಾರುತ್ತದೆ.

ಬಾಗಿಲಿನ ಗುಂಡು ಹಿಡಿಯನ್ನು ತೆಗೆಸಿ ಒತ್ತುವ ಉದ್ದ ಹಿಡಿ ಹಾಕಿಸಿ. ಬೀಗದ ಕೀಲಿಯ ತಲೆಗೆ ಮರದ ತುಂಡೊಂದನ್ನು ಜೋಡಿಸಿದರೆ ತಿರುಗಿಸುವುದು ಹಗುರ. ಹಾಸಿಗೆಯಿಂದ ಬಚ್ಚಲಿನವರೆಗೆ ರಾತ್ರಿಯ ಸಣ್ಣ ದೀಪವಿರಲಿ, ದಾರಿಯಲ್ಲಿ ಚಾಪೆ, ತಂತಿಗಳು ಬೇಡ. ಊರಿನ ಮನೆಯ ಎತ್ತರದ ಹೊಸ್ತಿಲ ಬಳಿ ಒಂದು ಹಿಡಿಸರಳು ಹಾಕಿಸಿ, ಹೊಸ್ತಿಲಿನ ಅಂಚಿಗೆ ಎದ್ದು ಕಾಣುವ ಬಣ್ಣ ಬಳಿಸಬಹುದು.

ಊರುಗೋಲು ಮತ್ತು ಮೆಟ್ಟಿಲು

ಊರುಗೋಲಿನ ಎತ್ತರವನ್ನು ಅಂದಾಜಿಗೆ ಕತ್ತರಿಸಬಾರದು. ದಿನವೂ ಹಾಕುವ ಚಪ್ಪಲಿ ತೊಟ್ಟು ನೆಟ್ಟಗೆ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿಗೆ ಬರುವುದೋ ಅಲ್ಲಿಗೆ ಕೋಲಿನ ಹಿಡಿ ಇರಬೇಕು. ಆಗ ಹಿಡಿದಾಗ ಮೊಣಕೈ ಸ್ವಲ್ಪ ಬಗ್ಗಿರುತ್ತದೆ. ಬಹುಮಂದಿ ನೋವಿರುವ ಕಾಲಿನ ಕಡೆಯ ಕೈಯಲ್ಲೇ ಕೋಲು ಹಿಡಿಯುತ್ತಾರೆ. ಸರಿಯಾದದ್ದು ಅದರ ವಿರುದ್ಧದ ಕೈ. ಎಡಮಂಡಿ ನೋವಾದರೆ ಕೋಲು ಬಲಗೈಯಲ್ಲಿರಬೇಕು, ಎಡಗಾಲು ಮುಂದಿಡುವಾಗ ಕೋಲೂ ಜೊತೆಗೆ ಮುಂದೆ ಹೋಗಬೇಕು. ಆಗ ಭಾರ ಹಂಚಿಹೋಗುತ್ತದೆ. ತುದಿಯ ರಬ್ಬರ್ ಬುಡ ಸವೆದ ಕೂಡಲೇ ಬದಲಿಸಬೇಕು. ಎರಡೂ ಮಂಡಿ ತೀರ ನೋಯುವವರಿಗೆ, ಸಮತೋಲ ತಪ್ಪುವವರಿಗೆ ಕೋಲಿಗಿಂತ ವಾಕರ್ ಸೂಕ್ತ.

ಮೆಟ್ಟಿಲು ಹತ್ತುವಾಗ ಮಂಡಿಗೆ ದೇಹದ ತೂಕದ ಮೂರು ಪಟ್ಟಿನಷ್ಟು ಭಾರ ಬೀಳುತ್ತದೆ. ಆದ್ದರಿಂದ ನಗರದ ಮನೆಗಳಲ್ಲಿ ಹಿರಿಯರಿಗೆ ಕೆಳಗಿನ ಕೋಣೆಯನ್ನೇ ಬಿಟ್ಟುಕೊಡುವುದು ಯಾವ ಸಲಕರಣೆಗಿಂತಲೂ ದೊಡ್ಡ ಉಪಕಾರ. ಹತ್ತಲೇಬೇಕಾದಾಗ ನೆನಪಿಡಬೇಕಾದ್ದು ಇಷ್ಟೆ: ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮತ್ತು ಕೋಲು ಮೊದಲು. ಮೆಟ್ಟಿಲಿನ ಎರಡೂ ಬದಿಗೆ ಕೈಸರಳು ಇರಬೇಕು.

ನಡಿಗೆ ಬಿಡಬಾರದು. 1964ರಲ್ಲಿ ಸ್ಥಾಪನೆಯಾದ ಬೆಂಗಳೂರು ವಿಶ್ವವಿದ್ಯಾನಿಲಯದ ಜ್ಞಾನಭಾರತಿ ಆವರಣ ಸಾವಿರ ಎಕರೆಗೂ ಮಿಕ್ಕಿದ್ದು, ಸುತ್ತಲಿನ ನಿವಾಸಿಗಳು ಬೆಳಗಿನ ನಡಿಗೆಗೆ ಅಲ್ಲಿನ ಮರಗಳ ನೆರಳಿನ ಹಾದಿಗಳನ್ನು ನೆಚ್ಚಿಕೊಂಡಿದ್ದಾರೆ. ಏರಿಳಿತವಿಲ್ಲದ ಹಾದಿಯನ್ನು ಆರಿಸಿಕೊಂಡು, ನೋವು ಹೆಚ್ಚುವ ಮುನ್ನವೇ ಹಿಂತಿರುಗಬೇಕು. 2021ರ ಆಗಸ್ಟಿನಲ್ಲಿ ಮೈಸೂರು ರಸ್ತೆಯಿಂದ ಕೆಂಗೇರಿಯವರೆಗೆ ಮೆಟ್ರೋ ಆರಂಭವಾದಾಗ ಜ್ಞಾನಭಾರತಿಯಲ್ಲಿಯೂ ನಿಲ್ದಾಣವಾಯಿತು. ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇರುವುದರಿಂದ ಕೋಲು ಹಿಡಿದವರೂ ಆಸ್ಪತ್ರೆಗೆ, ನೆಂಟರ ಮನೆಗೆ ಹೋಗಿಬರಬಹುದು.

ಎಲ್ಲಿ ದೊರೆಯುತ್ತವೆ?

ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಅರವತ್ತು ತುಂಬಿದ, ಬಡತನ ರೇಖೆಗಿಂತ ಕೆಳಗಿನ ಅಥವಾ ಕಡಿಮೆ ಆದಾಯದ ಹಿರಿಯರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಮುಂತಾದವನ್ನು ಶಿಬಿರಗಳಲ್ಲಿ ತಪಾಸಣೆ ನಡೆಸಿ ಉಚಿತವಾಗಿ ಕೊಡುವ ವ್ಯವಸ್ಥೆ ಮಾಡಲಾಯಿತು. ಇವನ್ನು ಒದಗಿಸುವ ಹೊಣೆ ಕಾನ್ಪುರದ ಅಲಿಮ್ಕೋ ಸಂಸ್ಥೆಯದು. ನಮ್ಮ ತೋಟಗಳಲ್ಲಿ ದುಡಿದು ಮುಪ್ಪಾದ ಕಾರ್ಮಿಕರಿಗೆ ಈ ಮಾಹಿತಿಯನ್ನು ಮುಟ್ಟಿಸುವುದು ಬೆಳೆಗಾರರ ಕರ್ತವ್ಯವೂ ಹೌದು. ಅವರ ಮಂಡಿ ಸವೆದದ್ದು ನಮ್ಮ ತೋಟದಲ್ಲಿಯೇ. ಬೆಂಗಳೂರಿನಲ್ಲಿ 1959ರಿಂದ ಕೆಲಸ ಮಾಡುತ್ತಿರುವ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ, 1994ರಲ್ಲಿ ಆರಂಭವಾದ ಮೊಬಿಲಿಟಿ ಇಂಡಿಯಾ ಸಂಸ್ಥೆಗಳು ಇಂತಹ ಸಾಧನಗಳ ವಿಷಯದಲ್ಲಿ ಅನುಭವವುಳ್ಳವು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 14567. ದೊಡ್ಡ ಆಸ್ಪತ್ರೆಗಳಲ್ಲಿ ಫಿಜಿಯೋಥೆರಪಿಸ್ಟರನ್ನು ಒಮ್ಮೆ ಕಂಡು ಕೋಲಿನ ಅಳತೆ ಹಾಗೂ ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮವನ್ನು ಕೇಳಿ ತಿಳಿಯುವುದು ಒಳ್ಳೆಯದು. ಹೆಸರಿಲ್ಲದ ಪುಡಿ, ಮಾತ್ರೆಗಳಿಂದ ದೂರವಿರಬೇಕು. ಇವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವುದುಂಟು. ನೋವಿನ ಮಾತ್ರೆಯನ್ನು ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ನುಂಗಿದರೆ ಮೂತ್ರಪಿಂಡಕ್ಕೂ ಜಠರಕ್ಕೂ ಹಾನಿ.

ಮನೆಯವರಿಗೆ ಒಂದು ಮಾತು

“ಅಪ್ಪಯ್ಯ, ನೀವು ಏಳಬೇಡಿ, ನಾವೇ ತಂದುಕೊಡ್ತೇವೆ” ಎಂದು ಮಕ್ಕಳು ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಬಳಸದ ಕೀಲು ಬೇಗ ಬಿಗಿಯುತ್ತದೆ, ಬಳಸದ ಸ್ನಾಯು ಸೊರಗುತ್ತದೆ. ಆರು ತಿಂಗಳು ಎಲ್ಲವನ್ನೂ ಕೂತಲ್ಲಿಗೆ ತಂದುಕೊಟ್ಟರೆ ಏಳನೆಯ ತಿಂಗಳು ಅವರು ನಿಜವಾಗಿಯೂ ಏಳಲಾರರು. ಇನ್ನೊಂದೆಡೆ ಹಿರಿಯರು ಕೋಲು ಹಿಡಿಯುವುದನ್ನು, ಕಮೋಡ್ ಕುರ್ಚಿ ತರಿಸುವುದನ್ನು ಅವಮಾನವೆಂದು ಭಾವಿಸುತ್ತಾರೆ. ಕನ್ನಡಕ ಹಾಕುವುದು ಹೇಗೆ ಅವಮಾನವಲ್ಲವೋ ಇದೂ ಹಾಗೆಯೇ. ಬಳ್ಳಿಗೆ ಆಸರೆ ಕಟ್ಟುವುದು ಬಳ್ಳಿ ದಂಡವೆಂದಲ್ಲ, ಇನ್ನೂ ಫಲ ಕೊಡಲಿ ಎಂದು.

ಎಲ್ಲವನ್ನೂ ಒಂದೇ ದಿನ ಕೊಳ್ಳಬೇಕಾಗಿಲ್ಲ. ಮೊದಲು ಬಚ್ಚಲಿನ ಹಿಡಿಸರಳು, ಎತ್ತರಿಸಿದ ಶೌಚಪೀಠ, ಸ್ನಾನದ ಸ್ಟೂಲು, ರಾತ್ರಿಯ ದೀಪ ಈ ನಾಲ್ಕನ್ನು ಮಾಡಿಸಿ. ನಂತರ ಅಳತೆಗೆ ಸರಿಯಾದ ಕೋಲು, ಕೈಯುಳ್ಳ ಕುರ್ಚಿ. ಅಡಿಗೆಮನೆಯ ಹಿಡಿಗಳನ್ನು ಒಂದು ಭಾನುವಾರ ಮೊಮ್ಮಕ್ಕಳ ಕೈಯಲ್ಲಿಯೇ ದಪ್ಪ ಮಾಡಿಸಬಹುದು. ಯಾವುದನ್ನು ಮೊದಲು ಮಾಡಬೇಕೆಂದು ತಿಳಿಯದಿದ್ದರೆ ಹಿರಿಯರನ್ನೇ ಕೇಳಿ: ದಿನದಲ್ಲಿ ಯಾವ ಕೆಲಸವನ್ನು ಬೇರೆಯವರಿಂದ ಮಾಡಿಸಿಕೊಳ್ಳುವುದು ನಿಮಗೆ ಮನಸ್ಸಿಗೆ ಬಾರದು? ಅವರು ಹೇಳುವ ಆ ಕೆಲಸದಿಂದಲೇ ಆರಂಭಿಸತಕ್ಕದ್ದು.